ಎಡಗಡೆಯ ಸೀಟು

ಶನಿವಾರ ಮಾಲಾದೇವಿ ಮೈದಾನದಲ್ಲಿ ತಪಾಸಣೆ.
ಹಾರ್ನ್? ಇದೆ, ಕೆಮ್ಮಿದ ಹಾಗೆ.
ವೈಪರ್? ಒಂದು.
ಹ್ಯಾಂಡ್‌ಬ್ರೇಕ್? ಇನಾಸ್ ಚೀಲದಿಂದ ಒಂದು ಕಲ್ಲು ತೆಗೆದು ತೋರಿಸಿದ.
ತಪಾಸಣೆಯವರು ನಗಲಿಲ್ಲ. ಘನಿಭಾಯಿ ಕಾರಿನಡಿ ಹೊಕ್ಕು
ಕೇಬಲ್ಲು ಬಿಗಿದು ಎದ್ದಾಗ
ಬೆನ್ನ ತುಂಬ ಮೈದಾನ.

ಎಪ್ಪತ್ತನಾಲ್ಕರ ಪದ್ಮಿನಿ.
ಇಪ್ಪತ್ತು ವರ್ಷ ಕಾರವಾರ–ಮಡಗಾಂವ ಟ್ಯಾಕ್ಸಿ,
ಐದು ವರ್ಷ ಬೈತಕೋಲಿನ ಐಸ್ ಫ್ಯಾಕ್ಟರಿಯ ಹಿಂದೆ
ಕೋಳಿಗಳ ಮನೆ.
ಈಗಲೂ ಹಿಂದಿನ ಸೀಟು ಎತ್ತಿದರೆ ಒಂದೆರಡು ಪುಕ್ಕ.
ಬಾಗಿಲ ಮೇಲೆ ಬಿಳಿ ವೃತ್ತ, ಒಳಗೆ ಇಪ್ಪತ್ತೇಳು;
ಏಳರ ಬಾಲ ಸೋರಿ ಹಿಡಿಕೆಯ ತನಕ ಇಳಿದಿದೆ.
ಬರೆದದ್ದು ನಾನೇ.

ನಾನು ಕುಮಟಾ ಬಸ್ ಸ್ಟ್ಯಾಂಡಿನ ಕಂಟ್ರೋಲರ್,
ಹದಿನೆಂಟು ವರ್ಷ ಬೇರೆಯವರ ತಡವನ್ನು ಬರೆದಿಟ್ಟವಳು.
ಇನಾಸ್ ಕೇಳಿದ್ದು ಇಷ್ಟೇ:
"ಬಾಯೋರೆ, ನಿಮಗೆ ಗಡಿಯಾರ ನೋಡಲಿಕ್ಕೆ ಬರ್ತದಲ್ಲ?"

ಈ ಸ್ಪರ್ಧೆಯಲ್ಲಿ ಮುಂದೆ ಹೋದವ ಗೆಲ್ಲುವುದಿಲ್ಲ.
ಕೊಟ್ಟ ವೇಗ, ಕೊಟ್ಟ ಹೊತ್ತು.
ತಡವಾದರೆ ಸೆಕೆಂಡಿಗೊಂದು ದಂಡ,
ಬೇಗ ಬಂದರೆ ಎರಡು.
ಇದನ್ನು ಇನಾಸ್‌ಗೆ ತಿಳಿಹೇಳಲು ಒಂದು ಮಳೆಗಾಲ ಹಿಡಿಯಿತು.
ಅವನ ಬಲಗಾಲು ಈಗಲೂ ಪೂರ್ತಿ ಒಪ್ಪಿಲ್ಲ.

ಭಾನುವಾರ ಏಳು ಇಪ್ಪತ್ತೇಳಕ್ಕೆ ಬಾವುಟ.
"ಮೂವತ್ತೆಂಟು."
"ಮೂವತ್ತೆಂಟೇ ಇದೆ."
"ನಲವತ್ತೊಂದು!"
"ಇಳಿಜಾರು, ಬಾಯೋರೆ."
ಅಂಕೋಲೆಯವರೆಗೆ ನಮ್ಮ ಮಾತುಕತೆ ಅಷ್ಟೇ.
ಮುಳ್ಳು ನಡುಗುವ ಮೀಟರು ಸುಳ್ಳು ಹೇಳುತ್ತದೆ, ಗೊತ್ತು.
ಎಷ್ಟು ಸುಳ್ಳು ಎಂಬುದೂ ಗೊತ್ತು:
ಹತ್ತು ಕಿಲೋಮೀಟರಿಗೆ ಇನ್ನೂರು ಮೀಟರ್ ಹೆಚ್ಚು.
ಅಳತೆ ಸಿಕ್ಕ ಸುಳ್ಳಿನ ಜೊತೆ ಬಾಳಬಹುದು.

ದೇವಿಮನೆ ಘಟ್ಟ, ಐದನೇ ತಿರುವು.
ಪದ್ಮಿನಿ ಒಮ್ಮೆ ಬಿಕ್ಕಿತು. ಮತ್ತೊಮ್ಮೆ.
ಆಮೇಲೆ ಯಾವುದೋ ಹಕ್ಕಿ
ಆಗಿನಿಂದ ಕೂಗುತ್ತಲೇ ಇತ್ತೆಂದು ತಿಳಿಯಿತು.
ಪೆಟ್ರೋಲು ಪಂಪಿನೊಳಗೆ ಹಬೆಯಾಗಿತ್ತು.
ಘನಿಭಾಯಿ ಬೈಯಲಿಲ್ಲ. ಹಿಂದಿನ ಸೀಟಿನಲ್ಲಿ
ಕಾರವಾರದಿಂದ ಮೊಣಕಾಲ ನಡುವೆ ಹಿಡಿದು ತಂದಿದ್ದ
ಥರ್ಮಾಕೋಲ್ ಪೆಟ್ಟಿಗೆ ತೆರೆದ:
ಮೇಲೆ ಐಸು, ಕೆಳಗೆ ಇಸೋಣ,
ಶಿರಸಿಯ ತಂಗಿಗೆಂದು.
ಐಸನ್ನು ಟವೆಲಿಗೆ ಕಟ್ಟಿ, ಹಲ್ಲುನೋವಿನವನ ಕೆನ್ನೆಗೆ
ಒತ್ತುವ ಹಾಗೆ ಪಂಪಿಗೆ ಒತ್ತಿ ಹಿಡಿದ.

ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು ದಾಟಿ ಹೋದವು.
ಒಬ್ಬ ಕೈ ಬೀಸಿದ. ಒಬ್ಬ ಫೋಟೊ ತೆಗೆದ.
ಮೂವತ್ತೊಂದರ ಅಂಬಾಸಿಡರ್ ಮಾತ್ರ ನಿಂತು
"ಏನಾದ್ರೂ ಬೇಕಾ?" ಅಂದಿತು;
ಅದಕ್ಕೂ ದಂಡ ಬಿತ್ತೆಂದು ಸಂಜೆ ಗೊತ್ತಾಯಿತು.
ನಾನು ಬರೆದೆ: ನಿಲುಗಡೆ, ಒಂಬತ್ತು ನಿಮಿಷ ನಲವತ್ತು.
ಕೈ ತಾನಾಗಿ ಕಾರಣದ ಕಾಲಮ್ಮು ಹುಡುಕಿತು.
ಈ ಹಾಳೆಯಲ್ಲಿ ಅದು ಇಲ್ಲ.

"ಹಿಡೀತೇನೆ, ನೋಡಿ," ಅಂದ ಇನಾಸ್.
ಹೋದದ್ದು ಹೋಯಿತು, ರಾಗಿಹೊಸಳ್ಳಿಯಿಂದ ಲೆಕ್ಕ ಹೊಸದು ಅಂದೆ.
ಕೇಳಲಿಲ್ಲ. ಬಂಡಲದ ಹತ್ತಿರ ಐವತ್ತೆಂಟು.
ಮೀನಿನ ವಾಸನೆ ಎಬ್ಬಿಸುತ್ತ ಪದ್ಮಿನಿ ಓಡಿತು,
ಎಲ್ಲಿಂದಲೋ ಒಂದು ಪುಕ್ಕ ಎದ್ದು
ನನ್ನ ಹಾಳೆಯ ಮೇಲೆ ಬಂದು ಕೂತಿತು.

ಶಿರಸಿ ಎರಡು ಕಿಲೋಮೀಟರ್ ಇರುವಾಗ ಅಂದೆ:
"ನಿಲ್ಸು. ಐವತ್ತೆರಡು ಸೆಕೆಂಡು ಬೇಗ ಇದ್ದೇವೆ."
ರಸ್ತೆಯ ಬದಿಗೆ ನಿಂತೆವು.
ಇನಾಸ್ ಸ್ಟೇರಿಂಗನ್ನು ಹಿಂಡುತ್ತಿದ್ದ, ಒದ್ದೆ ಬಟ್ಟೆಯ ಹಾಗೆ.
ಹಿಂದಿನಿಂದ ನಮ್ಮ ಕುಮಟಾ ಡಿಪೋದ ಬಸ್ಸು.
ಬೊಮ್ಮಯ್ಯ ತಲೆ ಹೊರಗೆ ಹಾಕಿ,
"ಬಾಯೋರೆ, ಇಲ್ಲೂ ಎಂಟ್ರಿ ಹಾಕೂಕೆ ಕೂತಿರಾ?"
ಹನ್ನೊಂದು ನಿಮಿಷ ತಡ ಇದ್ದ.
ಕಾರಣ: ಘಟ್ಟದಲ್ಲಿ ಹಳೇ ಕಾರುಗಳು.
ಬರೆಯಲಿಲ್ಲ.
ನಲವತ್ತೊಂಬತ್ತು, ಐವತ್ತು. "ಹೊರಡು."

ಆ ಹಂತಕ್ಕೆ ದಂಡ ಸೊನ್ನೆ.
ಒಟ್ಟಿನಲ್ಲಿ ಏಳರಲ್ಲಿ ಆರನೆಯವರು.
ಏಳನೆಯದು ಅಂಕೋಲೆಯನ್ನೇ ದಾಟಿರಲಿಲ್ಲ.

ರಾತ್ರಿ ಘನಿಭಾಯಿಯ ತಂಗಿಯ ಮನೆಯಲ್ಲಿ ಊಟ.
ಇಸೋಣಕ್ಕೆ ಸಣ್ಣಗೆ ಪೆಟ್ರೋಲಿನ ವಾಸನೆ.
ಯಾರೂ ಹೇಳಲಿಲ್ಲ. ಇನಾಸ್ ಮೂರನೇ ತುಂಡು ಹಾಕಿಸಿಕೊಂಡ.
ಹೊರಗೆ ಇಳಿಜಾರಿನಲ್ಲಿ ಪದ್ಮಿನಿ,
ಹಿಂದಿನ ಚಕ್ರದ ಅಡಿಗೆ ಅವನ ಕಲ್ಲು.