ಖಾಲಿ ಗಾಡಿಯ ತೂಕ

ಲೆಕ್ಕ ಬರದದ್ದು ಕಾಗದದ ಮ್ಯಾಲೆ ಅಲ್ಲ,
ಸಂಗನಬಸು ಬಟ್ಟಿ ಕತ್ತರಿಸೋ ಹಲಗಿ ಮ್ಯಾಲೆ,
ಅಂಗಿಗೆ ಗುರುತು ಹಾಕೋ ನೀಲಿ ಸೀಮೆಸುಣ್ಣದಿಂದ.
ಬೀಳಗಿಯೊಳಗ ಕರೆಂಟ್ ಹೋಗಿತ್ತು,
ಹೊಲಿಗಿ ಯಂತ್ರ ಸುಮ್ಮನಿತ್ತು. ಅದಕ್ಕ ಹೊತ್ತು ಸಿಕ್ಕಿತ್ತು.

ಹದಿನಾಲ್ಕು ಸಾವಿರ, ಅಂತ ಬರದ.
ಕೆಳಗೊಂದು ಗೆರಿ ಎಳದ, ಟೊಂಕದ ಅಳತಿಗೆ ಎಳಿಯೋ ಹಂಗ.
ಪಿ.ಎಫ್. ಹೋಗಿ ಕೈಗೆ ಹನ್ನೆರಡು ಸಾವಿರದ ಮುನ್ನೂರು
ಅಂದಿದ್ದ ಗುತ್ತಿಗಿದಾರ ಗುರುಪಾದಪ್ಪ.
ಐದು ತಿಂಗಳ ಮಾತು. ಕಬ್ಬು ಮುಗಿದ ದಿನ ಕೆಲಸಾನೂ ಮುಗೀತು.

ಮುಧೋಳದಾಗ ಮಾಬೂಬಿಯ ಮಾಳಿಗಿ ಖೋಲಿ,
ಇನ್ನೊಬ್ಬಾಕಿ ಕೂಡ ಹಂಚಕೊಂಡರ ದೀಡ ಸಾವಿರ.
ಖಾನಾವಳಿ ಎರಡು ಹೊತ್ತು, ಹೊತ್ತಿಗೆ ಎರಡು ರೊಟ್ಟಿ,
ಎರಡು ಸಾವಿರದ ಎಂಟನೂರು.
ಬಸ್ಸು?
ಹೆಣ್ಣುಮಕ್ಕಳಿಗೆ ಫುಕಟ್, ಅಂದೆ. ಇಬ್ಬರಿಗೂ ನಗಿ ಬಂತು.
ಅದರ ಮುಂದ ದೊಡ್ಡದೊಂದು ಸೊನ್ನಿ ಬರದ.
ಆದರ ಆ ಬಸ್ಸು ಫ್ಯಾಕ್ಟರಿ ಗೇಟಿನ ತನಕಾ ಹೋಗಂಗಿಲ್ಲ.
ಟಂಟಂ. ಹೋಗಾಕ ಇಪ್ಪತ್ತು, ಬರಾಕ ಇಪ್ಪತ್ತು,
ಇಪ್ಪತ್ತಾರು ದಿನ.
ಸೊನ್ನಿ ಬಾಜೂಕ ಸಾವಿರದ ನಲವತ್ತು ಬಂದು ಕುಂತಿತು.
ಚಾ, ಸಬಕಾರ, ರಿಚಾರ್ಜು ಸೇರಿ ಏಳನೂರು.

ಉಳಿದದ್ದು ಆರು ಸಾವಿರದ ಎರಡನೂರಾ ಅರವತ್ತು.
ಇಲ್ಲೇ ಝೆರಾಕ್ಸ್ ಅಂಗಡಿಯೊಳಗ ಕುಂತರ ಐದೂವರಿ ಸಾವಿರ,
ಮಧ್ಯಾಹ್ನ ಮನಿಗೆ ಬಂದು ಬಿಸಿ ರೊಟ್ಟಿ.
"ಏಳನೂರಾ ಅರವತ್ತು," ಅಂದ ಅವ,
"ಎರಡು ಸಾಲಿ ಯುನಿಫಾರ್ಮಿನ ಹೊಲಿಗಿ."
ಆಮ್ಯಾಲೆ ಸುಣ್ಣ ಹಿಡಕೊಂಡು ಸುಮ್ಮನ ನಿಂತ,
ಸಹನಾಳ ಜಡಿ ಯಾರು ಹಾಕ್ತಾರ ಅನ್ನೋದನ್ನ
ಯಾವ ಕಡೆ ಬರೀಬೇಕು ತಿಳೀಲಾರದ.
ತೋಳಿನಿಂದ ಒರಸಿಬಿಟ್ಟ.
ಆ ನೀಲಿ ಮಬ್ಬು ಮರುದಿನ ಯಾರದೋ ಪ್ಯಾಂಟಿಗೆ ಹತ್ತಿತು.

ನಾ ಹ್ವಾದೆ.
ಅನುಭವದ ಪತ್ರ ಸಿಗತೈತಿ ಅಂದೆ, ಕೇಳಿದವರಿಗೆ.
ಖರೇ ಮಾತು ಬ್ಯಾರೆ.
ಎಂಟು ವರ್ಷ ಮಂದಿ ಆಧಾರ್ ಕಾರ್ಡಿನ ನಕಲು ತಗದಿದ್ದೆ,
ಒಂದರ ಅಸಲಿ ಕೆಲಸ ಮಾಡಬೇಕಿತ್ತು.

ಕಾಟಾದ ಮ್ಯಾಲೆ ಕಬ್ಬಿನ ಗಾಡಿ ಎರಡು ಸಲ ಹತ್ತತೈತಿ,
ತುಂಬಿದಾಗೊಮ್ಮೆ, ಖಾಲಿ ಆದಾಗೊಮ್ಮೆ.
ಎರಡರ ನಡುವಿನದು ಕಬ್ಬು.
ಎರಡೂ ಸಲ ಡ್ರೈವರಗ ಕೆಳಗಿಳಿ ಅಂತೀನಿ.
"ಅಕ್ಕಾ, ನಾ ಎಷ್ಟರ ತೂಗತೀನಿ?" ಅಂತ ನಗತಾನ ಜಮಖಂಡಿ ಹುಡುಗ.
ಎಷ್ಟರ ತೂಗು,
ಬೆಳದವನ ಲೆಕ್ಕದಾಗ ನೀ ಬರಬಾರದು.

ನನ್ನ ಲೆಕ್ಕದಾಗ ಮಾತ್ರ ಕರೀಲಾರದವರೆಲ್ಲ ಹತ್ತಿ ಕುಂತರು.
ಮೂರನೇ ರೊಟ್ಟಿ.
ಡಿಸೆಂಬರದ ಥಂಡಿಗೊಂದು ಚಾದರ.
ಚಿಮಣಿಯ ಬೂದಿ ಬಿದ್ದ ಸೀರಿಗೆ ಎರಡರಷ್ಟು ಸಬಕಾರ.
ಸಹನಾಗ ಜ್ವರ ಬಂದ ರಾತ್ರಿ
ಫುಕಟ್ ಬಸ್ಸಿಗೆ ಬೆಳಗಾಗೋತನಕಾ ಕಾಯಲಾರದ
ಬಾಡಿಗಿ ಕಾರು, ಒಂಬೈನೂರು.
ಏಳನೂರಾ ಅರವತ್ತು ಅಲ್ಲೇ ತೀರಿತು,
ನೂರಾ ನಲವತ್ತು ಮಾಬೂಬಿ ಕಡೆ ಕೈಗಡ.
"ಸೀಜನ್ ಮುಗದ ಮ್ಯಾಲೆ ಕೊಡವಾ," ಅಂದಳು,
ಆಕೀಗೂ ಗೊತ್ತು ಸೀಜನ್ ಅಂದರೇನಂತ.

ನಿನ್ನೆ ಸರಿರಾತ್ರಿ, ಎರಡು ಟ್ರ್ಯಾಕ್ಟರಿನ ನಡುವ ತುಸು ಬಿಡುವು.
ಯಾರೂ ನೋಡವಲ್ಲರು ಅಂತ ಕಾಟಾದ ಮ್ಯಾಲೆ ನಾನ ಹೋಗಿ ನಿಂತೆ.
ಕಿಟಕಿ ಮ್ಯಾಲೆ ಕೆಂಪು ಅಂಕಿ: ನಲವತ್ತು.
ದವಾಖಾನಿಯೊಳಗ ನಲವತ್ತೇಳು ಇದ್ದೆ.
ಇಪ್ಪತ್ತರ ಹೆಜ್ಜಿ ಹಾಕತೈತಿ ಇದು,
ನಡುವ ಬಿದ್ದದ್ದು ಇದರ ಕಣ್ಣಿಗೆ ಹತ್ತಂಗಿಲ್ಲ.
ಏಳು ಕಿಲೋ ಅಂದರ
ಹುಟ್ಟಿ ಆರು ತಿಂಗಳಿಗೆ ಸಹನಾ ಇದ್ದಷ್ಟು.

ದೂರ ದೀಪ ಕಂಡಿತು, ಕೆಳಗಿಳದೆ.
ಅಂಕಿ ನಡುಗಿ ನಡುಗಿ ಸೊನ್ನಿಗೆ ನಿಂತಿತು,
ನಮ್ಮೂರ ಬಸ್ಸಿನ ಟಿಕೇಟಿನ ಮ್ಯಾಲಿರೋ ಅಂಥದ್ದ ಸೊನ್ನಿ.

ಅರ್ಧ ನಿದ್ದಿಯೊಳಗ ಸ್ಟೀಯರಿಂಗ್ ಹಿಡದಿದ್ದ ಹುಡುಗ.
ಇಳೀಪಾ, ಅಂದೆ,
ನಾ ಈಗ ಇಳದೀನಿ.