ಎರಡ ನಮೂನಿ ಉಂಡಿ

ಪಂಚಮಿಗೆ ಇನ್ನ ಹನ್ನೊಂದು ದಿನ ಇರಾಗ
ಬೆಟಗೇರಿಯ ನಮ್ಮ ಮನ್ಯಾಗ ಕತ್ತರಿ ಕಳೀತು.

ಹುಡುಕಾಕ ಹೋದಾಕಿಗೆ ಸಿಕ್ಕಿದ್ದು
ಬ್ಯಾರೆ ಮೂರು ಕತ್ತರಿ, ಮೂರೂ ಮೊಂಡ,
ಕೀಲಿನ ಇಲ್ಲದ ಏಳು ಕೀಲಿಕೈ,
ತೀರಿಹೋದ ಮಾವನ ಎರಡು ಚಾಳೀಸು,
ಯಾರ ಮದುವೀದೋ, ಹೆಸರು ಕೊರದ ಸ್ಟೀಲ್ ತಾಟು.
ಹೆಸರು ಓದಿದೆ. ಮಾರಿ ನೆನಪಾಗಲಿಲ್ಲ.

ನಾನು ಗದಗಿನ ಪ್ರೆಸ್ಸಿನ್ಯಾಗ ಬೈಂಡಿಂಗ್ ಮಾಡಾಕಿ.
ಹದಿನೆಂಟು ವರ್ಷ ಹಾಳಿ ಮಡಚೀನಿ, ಜೋಡಿಸೀನಿ,
ನಿದ್ದಿಗಣ್ಣಾಗೂ ಎಂಟರ ಮುಂದ ಹತ್ತು ಇಟ್ಟಾಕಿ ಅಲ್ಲ.
ಮನಿಗೆ ಬಂದ್ರ
ಜೀರಗಿ ಡಬ್ಬಿ ಎಲ್ಲೈತಿ, ದೇವರಿಗೇ ಗೊತ್ತು.

ಹ್ವಾದ ವರ್ಷ
ಶ್ರಾವಣದ ಪುರಾಣದ ಹ್ಯಾಂಡ್‌ಬಿಲ್ಲು ಒಂಬತ್ತು ಸಾವಿರ
ಕತ್ತರಿಸಿ ಕೊಟ್ಟು, ರಾತ್ರಿ ಒಲಿ ಮುಂದ ಕುಂತೆ.
ಶೇಂಗಾದುಂಡಿ, ಎಳ್ಳುಂಡಿ, ರವಾದುಂಡಿ, ಬೇಸನ್ ಉಂಡಿ,
ಗುಳ್ಳಡಕಿ ಉಂಡಿ, ಲಡಕಿ ಉಂಡಿ,
ಏಳನೇದು ಅಂಟಿನುಂಡಿಗೆ ಪಾಕ ಕಲ್ಲಾತು.
ಬೋಗಾಣಿ ಸಮೇತ ಹಿತ್ತಲಕ್ಕ ಒಗದು
ಇರುವಿ ಮುಂದ ಕುಂತು ಅತ್ತುಬಿಟ್ಟೆ.
ಮರುದಿನ ಹಬ್ಬ ಹೆಂಗಿತ್ತು ಅಂತ ಕೇಳಬ್ಯಾಡ್ರಿ.
ಮಲಕೊಂಡಿದ್ದೆ.

ಹಂಗಾಗಿ ಈ ಸಲ ಕತ್ತರಿ ಒಂದು ನೆಪ ಆತು.
ರವಿವಾರ ಸೀರಿ ಸೊಂಟಕ್ಕ ಸಿಗಿಸಿ ನಿಂತೆ.
ಒಂದೊಂದು ಸಾಮಾನು ಎತ್ತಿದಾಗೂ ಫಕ್ಕೀರೇಶ,
ನನ್ನ ಗಂಡ, ಬಾಗಲದಾಗ ನಿಂತು
"ಇರ್ಲಿ ಬಿಡು, ಯಾವುದಕ್ಕರ ಬರತೈತಿ."
ಯಾವುದಕ್ಕರ!
ನಮ್ಮ ಮನ್ಯಾಗ ಎಲ್ಲಾಕ್ಕಿಂತ ದೊಡ್ಡ ಖೋಲಿ ಅದ.
ಅದಕ್ಕ ಕಿಡಕಿ ಇಲ್ಲ.

ಟ್ರಂಕಿನ್ಯಾಗ ಅರವತ್ತಾರು ಜಂಪರ ಪೀಸು,
ಉಡಿ ತುಂಬಿದವು, ಉಡದವು, ಹೊಲಿಸದವು.
ಅದರಾಗ ಒಂದು ಹಸರಂದು, ಮೂಲ್ಯಾಗ ಪ್ರೆಸ್ಸಿನ ಶಾಯಿ ಕಲಿ.
ಆರು ವರ್ಷದ ಹಿಂದ ಹುಲಕೋಟಿ ನೆಗೆಣ್ಣಿಗೆ
ನಾನ ಕೊಟ್ಟದ್ದು.
ನರೇಗಲ್ಲೋ, ಮುಂಡರಗಿಯೋ, ಎಷ್ಟು ಉಡಿ ತಿರುಗಿತೋ,
ದಣಕೊಂಡು ನನ್ನ ಮನಿಗೇ ಬಂದು ಮಲಗಿತ್ತು.
ಎದುರುಮನಿ ಹಸೀನಾಬಿ ಎಲ್ಲಾ ಒಯ್ದು
ಸಂತಿ ಚೀಲ ಹೊಲದು ಕೊಟ್ಟಳು.
ಹಸರಂದು ಮಾತ್ರ ನಾ ಇಟಗೊಂಡೆ. ನಗಬ್ಯಾಡ್ರಿ.

ಕಟ್ಟಿ ಮ್ಯಾಲೆ ನಮ್ಮತ್ತಿ ಚನ್ನಬಸವ್ವ
ಹೊರಗ ಹೋಗೂ ಒಂದೊಂದನ್ನೂ ಎಣಸ್ತಿದ್ದಳು.
ಮಾತಿಲ್ಲ. ಆ ಸುಮ್ಮನಿರೂದಕ್ಕ ನನಗ ಅಂಜಿಕಿ.

ಪಡಸಾಲಿ ತೊಲಿಗೆ ಜೋತ ಬಿದ್ದಿದ್ದ
ಹಾಸಿಗಿ ಗಂಟು ಇಳಿಸಿದಾಗ ಕಂಡವು
ಎರಡು ಕಬ್ಬಿಣದ ಬಳಿ, ಮಸಿ ಹಿಡದವು.
"ಗಂಟು ಹಾಕಾಕಲ್ಲ ಅವು," ಅಂದಳು ಅತ್ತಿ ಒಳಗ ಬಂದು,
"ನಾ ಈ ಮನಿಗೆ ಬಂದ ವರ್ಷ ಪಂಚಮಿ ಜೋಕಾಲಿಗೆ
ನಿಮ್ಮ ಮಾವ ಬಡಿಸಿದ್ದು.
ಎರಡ ಸಲ ಜೀಕಿದೆ. ಆಮ್ಯಾಲೆ ಉಂಡಿ ಕಟ್ಟೂದ ಆತು."

ಸ್ವಲ್ಪ ಹೊತ್ತು ಬಿಟ್ಟು,
"ಈ ಸಲ ಎರಡ ನಮೂನಿ ಸಾಕು. ಶೇಂಗಾ, ಎಳ್ಳು."
"ಮಂದಿ ಏನಂತಾರ ಅತ್ತಿ?"
"ಮಂದಿಗೆ ಶುಗರ್ ಐತಿ."

ಹಬ್ಬದ ಹಿಂದಿನ ರಾತ್ರಿ ಎಂಟಕ್ಕ ಒಲಿ ಆರಿತು.
ಏನು ಮಾಡಬೇಕು ತಿಳೀಲಿಲ್ಲ.
ಇಬ್ಬರೂ ಬಾಗಲದಾಗ ಕುಂತು
ಓಣಿ ದೀಪದ ಸುತ್ತ ಹುಳ ನೋಡಿದಿವಿ.

ಪುಸ್ತಕ ಹೊಲ್ಯಾವರಿಗೆ ಗೊತ್ತಿರತೈತಿ,
ಅಂಚು ಬಿಡದ ಹಾಳಿ ಓದಾಕ ಬರೂದಿಲ್ಲ,
ಅಕ್ಷರ ಹೊಲಿಗಿ ಒಳಗ ಸಿಕ್ಕು ಸಾಯತಾವು.
ಇದ ಮಾತು ಮನಿಗೂ ಹತ್ತತೈತಿ ಅಂತ
ನನಗ ಹೊಳೀಲಿಕ್ಕೆ ಹದಿನೆಂಟು ವರ್ಷ.

ಕತ್ತರಿ ನನ್ನ ಪ್ರೆಸ್ ಚೀಲದಾಗ ಇತ್ತು, ಬುತ್ತಿ ಡಬ್ಬಿ ಕೆಳಗ.
ಟಿವಿ ಕೆಳಗಿನ ಡ್ರಾವರ್ ಇನ್ನೂ ತಗದಿಲ್ಲ.
ತಗಿಯೂದೂ ಇಲ್ಲ, ದೀಪಾವಳಿತನಕ.

ಪಂಚಮಿ ದಿನ
ಹೊಸ ಹಗ್ಗದ ಮ್ಯಾಲೆ ಮಡಚಿದ ಕೌದಿ, ಕೌದಿ ಮ್ಯಾಲೆ ಅತ್ತಿ.
ಮಗಳು ಹಿಂದಿಂದ ನೂಕಿದಳು.
ತೊಲಿ ಕಿರ್ರಂತು, ಬಳಿಯಿಂದ ತುಕ್ಕು ಉದುರಿತು
ಆಗಷ್ಟ ಒರಸಿದ ನೆಲಕ್ಕ.

ಕಸಬರಗಿ ಕಡೆ ಹ್ವಾದ ಕೈ
ಅರ್ಧಕ್ಕ ನಿಂತು
ಮತ್ತ ನನ್ನ ತೊಡಿ ಮ್ಯಾಲೆ ಬಂದು ಕುಂತಿತು.