ನಲವತ್ಮೂರು ಚೀಲ

ಹುಮನಾಬಾದ್ ರೋಡಿನ ದಾಲ್ ಮಿಲ್ಲಿನಲ್ಲಿ
ಮಧ್ಯಾಹ್ನ ಕರೆಂಟು ಹೋದರೆ ಪಟ್ಟಾ ನಿಲ್ಲುತ್ತದೆ.
ಹೊಟ್ಟಿನ ಧೂಳು ನಿಲ್ಲುವುದಿಲ್ಲ,
ಕಲಬುರಗಿಯ ಬಿಸಿಲು ತಗಡಿನ ತೂತಿನಿಂದ ಇಳಿಬಿಟ್ಟ ಕೋಲಿನೊಳಗೆ
ಸುತ್ತುತ್ತಲೇ ಇರುತ್ತದೆ.
ಆಗ ವೇಬ್ರಿಜ್ಜಿನ ಅಫ್ಸಾನಾ
ಮೊಬೈಲು ಹಿಡಿದು ನನ್ನ ಗಾದಿಯ ತುದಿಗೆ ಕೂಡುತ್ತಾಳೆ:
"ಮುನೀಮ್ ಚಾಚಾ, ನಿನ್ನೆ ಎಲ್ಲಿಗೆ ಬಿಟ್ಟಿದ್ವಿ?"

ಸೊನ್ನೆಗೆ ಬಿಟ್ಟಿದ್ದೆವು.

ಮೂವತ್ತು ವರ್ಷ ಕೆಂಪು ಬಟ್ಟೆಯ ಕಿರ್ದಿ ಬರೆದವನಿಗೆ
ಕಣ್ಣಿಗೆ ಕಾಣದ ರೊಕ್ಕದ ಪಾಠ.
ಕೇಳಿದವನು ನಾನೇ. ಮಾಲೀಕರ ಮಗ
ಅದರಲ್ಲಿ ಏನೋ ಹಾಕಿ, ಏನೋ ಕಳಕೊಂಡು ಬಂದ ಮೇಲೆ
ಕಳೆದದ್ದನ್ನು ಯಾವ ಖಾತೆಗೆ ಖರ್ಚು ಬರೆಯಲಿ ಅಂತ
ತಿಳಿಯದೆ.

"ಮಾಲೀಕ ಯಾರು ಇದಕ್ಕ?"
"ಯಾರೂ ಇಲ್ರಿ."
"ಮಾಲೀಕ ಇಲ್ದ ಅಡತಿ ಅಂಗಡಿ?"
"ಎಲ್ಲರ ಹತ್ರಾನೂ ಒಂದೇ ಕಿರ್ದಿ ಅದ ಚಾಚಾ.
ನೀವು ಬರೆದದ್ದು ಸಾವಿರ ಮಂದಿ ಬರಕೋತಾರ."
ನಕ್ಕೆ. ಸಾವಿರ ಮುನೀಮರಿಗೆ ಪಗಾರ ಯಾರು ಕೊಡ್ತಾರ?
ಅದೇ ಸೊನ್ನೆಯ ಪಾಠ, ತಡೀರಿ, ಅಂದಳು.

ಹ್ಯಾಶ್ ಅನ್ನುವುದನ್ನು ನಿಂತ ಗಿರಣಿ ತೋರಿಸಿಯೇ ಹೇಳಿದಳು:
ತೊಗರಿ ಹಾಕಿದರೆ ಬೇಳೆ ಬರುತ್ತದೆ,
ಬೇಳೆ ಸುರಿದು ಗಿರಣಿ ಹಿಂದಕ್ಕೆ ತಿರುಗಿಸಿದರೆ
ತೊಗರಿ ಬರುವುದಿಲ್ಲ.
"ಏನಾದ್ರೂ ಒತ್ತಿ," ಅಂದಳು. ಒತ್ತಿದೆ:
ತೊಗರಿ, ೪೦ ಚೀಲ.
ಕೆಳಗೆ ಅರವತ್ನಾಲ್ಕು ಅಕ್ಷರದ ಇರುವೆ ಸಾಲು.
"ಈಗ ಒಂದೇ ಅಂಕಿ ಬದಲ್ಸಿ."
ನನ್ನ ಬೆರಳು ತಾನಾಗಿ ಸೊನ್ನೆ ಅಳಿಸಿ ಮೂರು ಒತ್ತಿತು.
ಸಾಲು ಪೂರಾ ಬೇರೆ. ಹಳೆಯದರ ಗುರುತೇ ಇಲ್ಲ.

ಪ್ರತಿ ಪುಟದ ನೆತ್ತಿಯ ಮೇಲೆ ಹಿಂದಿನ ಪುಟದ ಅಂಥ ಸಾಲು.
ಇದು ನನಗೆ ಗೊತ್ತು. "ಹಿಂದಿನ ಪುಟದಿಂದ ತಂದದ್ದು" ಅಂತ
ಎಷ್ಟು ಸಲ ಬರೆದಿದ್ದೇನೆ.
ನಾವು ತರುವುದು ಮೊತ್ತವನ್ನಷ್ಟೇ,
ಅಲ್ಲಿ ಇಡೀ ಪುಟದ ಹೆಬ್ಬೆಟ್ಟು.

ಇನ್ನು ಸೊನ್ನೆ. ಸಾಲಿನ ಮುಂದೆ ಇಂತಿಷ್ಟು ಸೊನ್ನೆ ಬೀಳುವ ತನಕ
ಒಂದು ಅಂಕಿ ಸೇರಿಸಿ ನೋಡುವುದು, ಬೀಳದಿದ್ದರೆ ಮತ್ತೊಂದು,
ಮತ್ತೊಂದು. ಮೊದಲು ಬೀಳಿಸಿದವನಿಗೆ
ಪುಟ ಸೇರಿಸುವ ಹಕ್ಕು. ಅವನಿಗೇ ಪಗಾರ.
ಅದಕ್ಕೆ ಊರಿಗೆ ಊರೇ ಉರಿಯುವಷ್ಟು ಕರೆಂಟು.
ನಿಂತ ಪಟ್ಟಾದ ಕಡೆ ನೋಡಿದೆ.

"ಹಂಗಾದ್ರ ಬ್ಲೇಡು ನಡೆಯಂಗಿಲ್ಲ."
"ಯಾವ ಬ್ಲೇಡು?"

ಅರ್ಧ ಮುರಿದ ಬ್ಲೇಡು. ಅಂಕಿ ಕೆರೆದ ಮೇಲೆ
ಉಗುರಿನಿಂದ ಕಾಗದ ಉಜ್ಜಿದರೆ ಮಸಿ ಹರಡುವುದಿಲ್ಲ.
ಮೂರಿದ್ದಲ್ಲಿ ಸೊನ್ನೆ ಕೂಡಿಸಿದ್ದೆ.
ಮೂರು ಚೀಲದ ಹಮಾಲಿ, ಎಷ್ಟಾದೀತು, ಚಹಾದ ದುಡ್ಡು.
ಹಮಾಲ ಸಾಯಿಬಣ್ಣನಿಗೆ ಓದು ಬರದು.
ಅವನ ಕಿರ್ದಿ ಗೋದಾಮಿನ ಗೋಡೆ,
ಇದ್ದಿಲಿನ ಗೀಟು, ನಾಲ್ಕಾದ ಮೇಲೊಂದು ಅಡ್ಡಗೀಟು.
ಗೋಡೆಯಲ್ಲಿ ನಲವತ್ಮೂರಿತ್ತು. ನನ್ನಲ್ಲಿ ನಲವತ್ತು.
ಮಾಲೀಕರು ಕಾಗದ ನಂಬಿದರು.
ಸುಳ್ಳ ಅನ್ನಿಸಿಕೊಂಡವನನ್ನು ಗಂಜಿನಲ್ಲಿ ಮುಂದೆ
ಯಾರೂ ಕೆಲಸಕ್ಕೆ ಕರೆಯಲಿಲ್ಲ.
ಆ ದೀಪಾವಳಿಗೆ ಸುಣ್ಣ ಹೊಡೆಸಿದವನೂ ನಾನೇ,
ಹಬ್ಬಕ್ಕೆ ಅಂತ.

ಇದನ್ನು ಅಫ್ಸಾನಾಗೆ ಹೇಳಲಿಲ್ಲ. ಕೇಳಿದ್ದು ಇಷ್ಟೇ:
"ಮೊದಲ ಸಲಾನೇ ಸುಳ್ಳು ಬರೆದ್ರ?"
ಸ್ವಲ್ಪ ಹೊತ್ತು ದುಪಟ್ಟಾದ ತುದಿಯಿಂದ ಮೊಬೈಲು ಒರೆಸಿದಳು.
"ಸುಳ್ಳೇ ಗಟ್ಟಿ ಆಗ್ತದರಿ.
ಅದು ಕಾಯ್ತದ ಅಷ್ಟೇ, ನೋಡಂಗಿಲ್ಲ."

ಕರೆಂಟು ಬಂತು. ಪಟ್ಟಾ ಬಡಕೊಂಡು ಓಡಿತು.
ಸೇಡಂ ಕಡೆಯ ಲಾರಿ ಹಾರ್ನು ಹೊಡೆಯಿತು,
ಅವಳು ಎದ್ದು ಹೋದಳು.
ನಾನು ಗೋದಾಮಿನ ಹಿಂದಿನ ಗೋಡೆಗೆ ಬಂದೆ.
ಅದೇ ಉಗುರು.
ಮೊದಲು ಬಿಳಿ, ಆಮೇಲೆ ನೀಲಿ ಕಲಸಿದ ಬಿಳಿ,
ಯಾವುದೋ ವರ್ಷದ ಹಳದಿ,
ಆಮೇಲೆ ಬೆರಳಿಗೆ ಹತ್ತಿದ ಕಪ್ಪು.
ಗೀಟೋ, ಬೂಷ್ಟೋ, ಇನ್ನೂ ಗೊತ್ತಿಲ್ಲ.
ಕೆರೆಯುತ್ತಿದ್ದೇನೆ.